ಸ್ನ್ಯಾಪ್‌ಜೀನ್‌ನ ಹಿಸ್ಟರಿ ಟ್ಯಾಬ್: ಪ್ಲಾಸ್ಮಿಡ್‌ಗೂ ಒಂದು ವಂಶವೃಕ್ಷ

ಪ್ಲಾಸ್ಮಿಡ್ ಎಂದರೆ ಜೀನ್ ಹೊರಲು ಲ್ಯಾಬ್‌ಗಳು ಬಳಸುವ ಉಂಗುರದಂಥ ಪುಟ್ಟ ಡಿಎನ್‌ಎ. ಅದರ ಜೆನ್‌ಬ್ಯಾಂಕ್ ಫೈಲ್ (ಸೀಕ್ವೆನ್ಸ್ ಬರೆದಿಡುವ ಸಾಮಾನ್ಯ ಮಾದರಿ) ತೆರೆದರೆ ಬೇಸ್‌ಗಳೆಲ್ಲ, ಅಂದರೆ ಡಿಎನ್‌ಎ ಅಕ್ಷರಗಳೆಲ್ಲ ಸಿಗುತ್ತವೆ, ಜೀನ್‌ಗಳ ಗುರುತೂ ಸಿಗುತ್ತದೆ. ಯಾವ ವೆಕ್ಟರ್ (ಜೀನ್ ಕೂರಿಸುವ ಮೂಲ ಪ್ಲಾಸ್ಮಿಡ್) ತೆಗೆದುಕೊಂಡು, ಡಿಎನ್‌ಎ ಕತ್ತರಿಸಲು ಯಾವ ಎನ್ಜೈಮ್ ಹಾಕಿ, ಯಾವ ಪ್ರೈಮರ್‌ನಿಂದ (ಜೀನನ್ನು ನಕಲು ಮಾಡಲು ಬೇಕಾದ ಚಿಕ್ಕ ಡಿಎನ್‌ಎ ತುಂಡು) ಕಟ್ಟಿದರು ಎಂಬುದು ಮಾತ್ರ ಅಲ್ಲಿರುವುದಿಲ್ಲ. ಕಟ್ಟಿದವರು ಪಿಎಚ್‌ಡಿ ಮುಗಿಸಿ ಲ್ಯಾಬ್ ಬಿಟ್ಟ ಮೇಲೆ ಕೇಳೋಣವೆಂದರೆ ಯಾರೂ ಸಿಗುವುದಿಲ್ಲ. ಪ್ಲಾಸ್ಮಿಡ್ ವಿನ್ಯಾಸ ಮಾಡುವ ತಂತ್ರಾಂಶ ಸ್ನ್ಯಾಪ್‌ಜೀನ್‌ಗೆ ಏಕೆ ದುಡ್ಡು ಕೊಡಬೇಕು ಎಂದು ಕೇಳಿದರೆ ಮೊದಲ ಉತ್ತರ ಅದರ ಹಿಸ್ಟರಿ ಟ್ಯಾಬ್. ಬಣ್ಣಬಣ್ಣದ ಮ್ಯಾಪ್ ಉಚಿತ ತಂತ್ರಾಂಶಗಳಲ್ಲೂ ಬರುತ್ತದೆ.

ಹಸಿರಾಗಿ ಹೊಳೆಯುವ ಪ್ರೋಟೀನಿನ ಇಜಿಎಫ್‌ಪಿ ಜೀನನ್ನು ಪೆಟ್-28ಎ ವೆಕ್ಟರ್‌ನ ಎನ್‌ಡಿಇ-1, ಎಕ್ಸ್‌ಹೋ-1 ಎಂಬ ಎನ್ಜೈಮ್‌ಗಳು ಕತ್ತರಿಸುವ ಸೈಟ್‌ಗಳ ನಡುವೆ ಕೂರಿಸುವ ಮಾಮೂಲಿ ಕ್ಲೋನಿಂಗನ್ನೇ ನೋಡಿ. ವೆಕ್ಟರ್ 5,369 ಬೇಸ್‌ಜೋಡಿ, ಜೀನ್ ಸ್ಟಾಪ್ ಕೋಡಾನ್ (ಪ್ರೋಟೀನ್ ಇಲ್ಲಿಗೆ ಮುಗಿಯಿತು ಎನ್ನುವ ಮೂರು ಅಕ್ಷರ) ಸೇರಿ 720. ಮೊದಲು ಪಿಸಿಆರ್ (ಪ್ರೈಮರ್ ಬಳಸಿ ಡಿಎನ್‌ಎ ನಕಲು ಮಾಡುವ ವಿಧಾನ) ಕಮಾಂಡ್‌ನಲ್ಲಿ ಜೀನಿನ ತುಣುಕು ತಯಾರಿಸಿಕೊಳ್ಳಬೇಕು. ಆಮೇಲೆ ಆಕ್ಷನ್ಸ್ ಮೆನುವಿನ ರಿಸ್ಟ್ರಿಕ್ಷನ್ ಕ್ಲೋನಿಂಗ್‌ಗೆ ಹೋಗಿ, ಇನ್ಸರ್ಟ್ ಫ್ರಾಗ್ಮೆಂಟ್ ಆರಿಸಿ, ಎರಡೂ ಕಡೆ ಸೈಟ್ ಗುರುತಿಸಿ ಕ್ಲೋನ್ ಒತ್ತಿದರೆ ಸುಮಾರು 6,000 ಬೇಸ್‌ಜೋಡಿಯ ಹೊಸ ಫೈಲ್ ಬರುತ್ತದೆ. ಹಿಸ್ಟರಿಯಲ್ಲಿ ಅದರ ಹಿಂದೆ ವೆಕ್ಟರ್ ಮತ್ತು ತುಣುಕು, ತುಣುಕಿನ ಹಿಂದೆ ಅದನ್ನು ನಕಲು ಮಾಡಿದ ಮೂಲ ಡಿಎನ್‌ಎ ಅಂದರೆ ಟೆಂಪ್ಲೇಟ್, ಹೀಗೆ ಮರ ಕವಲೊಡೆದಿರುತ್ತದೆ. ಅಲ್ಲಿರುವುದು ಬರೀ ಹೆಸರುಗಳಲ್ಲ. ಪೂರ್ವಜರ ಸೀಕ್ವೆನ್ಸ್ ಅದೇ ಫೈಲಿನೊಳಗಿದೆ; ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದೆ.

ಇದರ ಬೆಲೆ ಗೊತ್ತಾಗುವುದು ಪ್ರಯೋಗ ಕೈಕೊಟ್ಟಾಗ. ಪ್ರೋಟೀನಿನ ಎರಡೂ ತುದಿಯಲ್ಲಿ ಹಿಸ್-ಟ್ಯಾಗ್ (ನಿಕಲ್‌ಗೆ ಅಂಟುವ ಆರು ಹಿಸ್ಟಿಡಿನ್‌ಗಳ ಸಾಲು) ಇದೆ ಎಂದು ನಂಬಿ, ಪ್ರೋಟೀನ್ ಕತ್ತರಿಸುವ ಥ್ರಾಂಬಿನ್ ಎನ್ಜೈಮ್ ಹಾಕಿ ಆರಂಭದ ತುದಿಯ ಟ್ಯಾಗ್ ಕತ್ತರಿಸುತ್ತೀರಿ. ಆಮೇಲೆ ಪ್ರೋಟೀನ್ ನಿಕಲ್ ಕಾಲಂಗೆ ಅಂಟದೆ ಪೂರ್ತಿ ಹರಿದುಹೋಗುತ್ತದೆ. ಹಿಸ್ಟರಿಯಲ್ಲಿ ಪಿಸಿಆರ್ ತುಣುಕು ತೆರೆದು ರಿವರ್ಸ್ ಪ್ರೈಮರ್ (ಜೀನಿನ ಕೊನೆಯ ತುದಿಯದು) ನೋಡಿ: ಎಕ್ಸ್‌ಹೋ-1 ಸೈಟ್ ಆದ ಸಿಟಿಸಿಜಿಎಜಿ ಮುಗಿದ ತಕ್ಷಣ ಟಿಟಿಎ ಇದ್ದರೆ ಅದು ತಿರುಗಿ ನಿಂತ ಟಿಎಎ, ಅಂದರೆ ಸ್ಟಾಪ್ ಕೋಡಾನ್. ಕೊನೆಯ ತುದಿಯ ಟ್ಯಾಗ್‌ವರೆಗೆ ಪ್ರೋಟೀನ್ ಕಟ್ಟುವ ರೈಬೋಸೋಮ್ ಹೋಗಿಯೇ ಇಲ್ಲ. ಹೊಸ ಪ್ರೈಮರ್‌ನಲ್ಲಿ ಆ ಮೂರು ಅಕ್ಷರ ಬಿಟ್ಟರೆ ಓದು ಎಕ್ಸ್‌ಹೋ-1 ದಾಟಿ ಅದೇ ಫ್ರೇಮ್‌ನಲ್ಲಿ ಆರು ಹಿಸ್ಟಿಡಿನ್‌ಗಳಿಗೆ ಸೇರುತ್ತದೆ.

ಆದರೆ ಹಿಸ್ಟರಿ ತಾನಾಗಿ ಪೂರ್ತಿ ತುಂಬುವುದು ನೀವು ಆಕ್ಷನ್ಸ್ ಮೆನು ಬಳಸಿದರೆ ಮಾತ್ರ. ಬಹಳ ಜನ ಇನ್ಸರ್ಟ್‌ನ (ಕೂರಿಸುವ ತುಣುಕಿನ) ಬೇಸ್‌ಗಳನ್ನು ಕಾಪಿ ಮಾಡಿ ವೆಕ್ಟರ್‌ನಲ್ಲಿ ಪೇಸ್ಟ್ ಮಾಡುತ್ತಾರೆ. ಸೀಕ್ವೆನ್ಸ್ ಸರಿಯಾಗಿಯೇ ಬರುತ್ತದೆ, ಆದರೆ ಹಿಸ್ಟರಿಯಲ್ಲಿ ಇಷ್ಟು ಬೇಸ್ ಸೇರಿತು ಎಂಬ ಒಂದು ಸಾಲು ಬಿಟ್ಟರೆ ಪ್ರೈಮರೂ ಇಲ್ಲ, ಎನ್ಜೈಮೂ ಇಲ್ಲ. ಜೆನ್‌ಬ್ಯಾಂಕ್ ಅಥವಾ ಫಾಸ್ಟಾ (ಬರೀ ಬೇಸ್‌ಗಳಿರುವ) ಫೈಲಿಗೆ ಎಕ್ಸ್‌ಪೋರ್ಟ್ ಮಾಡಿ ಮತ್ತೆ ತಂದರೆ ಮರದ ಬುಡವೇ ಹೋಗುತ್ತದೆ. ಹೆಸರಿನ ಅಶಿಸ್ತು ಇನ್ನೊಂದು ರೋಗ. ತುಣುಕಿಗೆ 'ಫೈನಲ್ 2' ಎಂದು ಹೆಸರಿಟ್ಟು ಕ್ಲೋನ್ ಮಾಡಿದರೆ ಮರದಲ್ಲೂ 'ಫೈನಲ್ 2' ಎಂದೇ ಉಳಿಯುತ್ತದೆ. ಕ್ಲೋನ್ ಒತ್ತುವ ಮೊದಲೇ ಪ್ರೈಮರ್ ಸಂಖ್ಯೆ, ಟೆಂಪ್ಲೇಟ್ ಹೆಸರು ಸೇರಿಸಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಹಿಸ್ಟರಿ ತೋರಿಸುವುದು ಪರದೆಯ ಮೇಲೆ ಕಟ್ಟಿದ್ದನ್ನು, ಟ್ಯೂಬಿನಲ್ಲಿ ಇರುವುದನ್ನಲ್ಲ. ಟ್ಯೂಬಿನ ಡಿಎನ್‌ಎಯ ಬೇಸ್‌ಗಳನ್ನು ಓದುವ ಸ್ಯಾಂಗರ್ ರೀಡ್‌ನಲ್ಲಿ ಒಂದು ಬೇಸ್ ಬದಲಾಗಿರುವುದು ಕಂಡು, ಆ ಕ್ಲೋನನ್ನೇ ಇಟ್ಟುಕೊಳ್ಳುವುದಾದರೆ, ಫೈಲಿನಲ್ಲೂ ಆ ಬೇಸ್ ತಿದ್ದಿ. ಆಗ ತಿದ್ದಿದ್ದೂ ಮರದಲ್ಲಿ ಒಂದು ಹೆಜ್ಜೆಯಾಗಿ ನಿಲ್ಲುತ್ತದೆ.

ತುದಿ ಹೊಂದುವ ತುಣುಕುಗಳನ್ನು ಬೆಸೆಯುವ ಗಿಬ್ಸನ್ ಜೋಡಣೆಗೂ ಇದೇ ರೀತಿ ದಾಖಲೆ ಬರುತ್ತದೆ. ಪೂರ್ಣ ಆವೃತ್ತಿಗೆ ಲೈಸೆನ್ಸ್ ದುಡ್ಡು ಕಟ್ಟಬೇಕು, ಸಣ್ಣ ಕಾಲೇಜು ಲ್ಯಾಬ್‌ಗಳಿಗೆ ಅದು ಭಾರವೇ. ಉಚಿತ ವ್ಯೂವರ್‌ನಲ್ಲಿ ಹಿಸ್ಟರಿ ನೋಡಬಹುದು, ಕ್ಲೋನಿಂಗ್ ಮಾಡಲಾಗದು. ಹಾಗಾಗಿ ವಿನ್ಯಾಸ ಮಾಡುವ ಒಂದು ಕಂಪ್ಯೂಟರ್‌ಗೆ ಲೈಸೆನ್ಸ್, ಉಳಿದವರಿಗೆ ವ್ಯೂವರ್ ಎಂದು ಹಂಚಿಕೊಳ್ಳುವುದು ಒಳ್ಳೆಯದು.

ಹೊರಗಿನವರಿಗೆ ಫೈಲ್ ಕಳಿಸುವಾಗ ಎಚ್ಚರ ಬೇಕು. ಸ್ನ್ಯಾಪ್‌ಜೀನ್‌ನ ಸ್ವಂತ ಮಾದರಿಯ ಡಾಟ್ ಡಿಎನ್‌ಎ ಫೈಲ್ ಕೊಟ್ಟರೆ ಇನ್ನೂ ಪ್ರಕಟಿಸದ ಪೂರ್ವಜ ಪ್ಲಾಸ್ಮಿಡ್‌ಗಳೂ ಅದರ ಜೊತೆಗೇ ಹೋಗುತ್ತವೆ. ಅವರಿಗೆ ಜೆನ್‌ಬ್ಯಾಂಕ್ ಪ್ರತಿ ಕಳಿಸಿ, ಹಿಸ್ಟರಿ ಇರುವ ಮೂಲವನ್ನು ಲ್ಯಾಬ್‌ನ ಹಂಚಿಕೆ ಫೋಲ್ಡರ್‌ನಲ್ಲಿ ಓದಲು ಮಾತ್ರ ಎಂದು ಲಾಕ್ ಮಾಡಿಡಿ.