ಹೊಸ ಮಾದರಿಗೆ ಹಳೆಯ ಕಾರನ್ನು ಕೊಡುವ ಮುನ್ನ ಘಾಟಿಯಲ್ಲೊಮ್ಮೆ ಓಡಿಸಿ ನೋಡಿ

ಎರಡೇ ಆಸನದ, ಕೈಯಿಂದ ಗೇರು ಹಾಕುವ ಸ್ಪೋರ್ಟ್ಸ್ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡಿರುವ ಮಲೆನಾಡಿನ ಮಿತ್ರರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದೇ ಹೆಸರಿನ ಹೊಸ ತಲೆಮಾರಿನ ಕಾರು ಬಂದಿದೆ, ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡಿ ಎಂದು ಶೋರೂಮಿನಿಂದ ಕರೆ ಬಂದರೆ, ಬೆಂಗಳೂರಿನ ಅಗಲವಾದ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದ ಅನುಭವವನ್ನೇ ನಂಬಿ ಒಪ್ಪಿಗೆ ಕೊಡಬೇಡಿ. ನನಗೂ ಅಷ್ಟೇ ಅವಕಾಶ ಸಿಕ್ಕಿತ್ತು. ಟೆಸ್ಟ್ ಡ್ರೈವಿನ ಕಾರನ್ನು ನಗರದಿಂದಾಚೆ ಕಳುಹಿಸುವ ಪದ್ಧತಿಯಿಲ್ಲ ಎಂದು ಶೋರೂಮಿನವರು ಹೇಳಿದರು. ಅಷ್ಟನ್ನೇ ನಂಬಿ ಹಳೆಯದನ್ನು ಕೊಟ್ಟು ಹೊಸದನ್ನು ತೆಗೆದುಕೊಂಡೆ. ಹೊಸ ವಿನ್ಯಾಸದಲ್ಲಿ ಏನೇನು ಕಳೆದುಹೋಗಿದೆ ಎಂಬುದು ತೀರ್ಥಹಳ್ಳಿಯಿಂದ ಆಗುಂಬೆಯ ಮೇಲೆ ಉಡುಪಿಗೆ ಹೋಗುವ ನನ್ನ ನಿತ್ಯದ ದಾರಿಯಲ್ಲಿ, ಮಳೆ ಹಿಡಿದ ಮೇಲೆ, ಒಂದೊಂದಾಗಿ ತಿಳಿಯುತ್ತಾ ಹೋಯಿತು. ಈ ಕೊರತೆಗಳು ಇಂದು ಹಲವು ಕಂಪನಿಗಳ ಕಾರುಗಳಲ್ಲಿ ಇರುವುದರಿಂದ ನನ್ನ ಕಾರಿನ ಹೆಸರನ್ನು ಹೇಳುವ ಅಗತ್ಯ ಕಾಣುವುದಿಲ್ಲ.

ಮೊದಲು ಸ್ಟೇರಿಂಗಿನ ವಿಷಯ. ಹಳೆಯ ಕಾರಿನಲ್ಲಿ ಇದ್ದದ್ದು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಸ್ಟೇರಿಂಗ್. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಅದಕ್ಕೆ ಬಲ ಕೊಡುತ್ತದೆ. ಚಾಲಕನ ಕೈಗೆ ನೆರವಾಗುತ್ತಲೇ, ಮುಂದಿನ ಚಕ್ರಗಳು ರಸ್ತೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿವೆ ಎಂಬುದನ್ನೂ ಅದು ಅಂಗೈಗೆ ತಿಳಿಸುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ, ನೆರಳು ಬಿದ್ದ ಕಡೆಯಲ್ಲೆಲ್ಲ ಪಾಚಿ ಕಟ್ಟಿ ಎಲೆ ಕೊಳೆತಿರುವ ಡಾಂಬರಿನ ಮೇಲೆ, ಟೈರು ಜಾರುವುದಕ್ಕೆ ತುಸು ಮೊದಲು ಸ್ಟೇರಿಂಗ್ ಹಗುರವಾಗುವುದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಹೊಸ ಕಾರಿನಲ್ಲಿ ಆ ಕೆಲಸವನ್ನು ವಿದ್ಯುತ್ ಮೋಟಾರು ಮಾಡುತ್ತದೆ. ಇದರಿಂದ ಪೆಟ್ರೋಲ್ ಸ್ವಲ್ಪ ಉಳಿಯುತ್ತದೆ, ತಾನಾಗಿ ಪಾರ್ಕ್ ಮಾಡುವಂಥ ಸೌಲಭ್ಯಗಳನ್ನು ಜೋಡಿಸಲು ಸಾಧ್ಯವಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಎಲ್ಲ ವಿದ್ಯುತ್ ಸ್ಟೇರಿಂಗೂ ಕೆಟ್ಟದ್ದೆಂದು ಹೇಳುವಂತಿಲ್ಲ. ಪೋರ್ಷೆ 911 ಕಾರು 2011ರಲ್ಲಿ ಈ ವ್ಯವಸ್ಥೆಗೆ ಬದಲಾದಾಗ ಅದರ ಅಭಿಮಾನಿಗಳು ತೀವ್ರವಾಗಿ ಆಕ್ಷೇಪಿಸಿದ್ದರು, ಆಮೇಲಿನ ವರ್ಷಗಳಲ್ಲಿ ಅದು ಸುಧಾರಿಸಿತು. ನನ್ನ ಹೊಸ ಕಾರಿನ ಸ್ಟೇರಿಂಗ್ ಮಾತ್ರ ಒಣ ರಸ್ತೆಯಲ್ಲೂ ಒದ್ದೆ ರಸ್ತೆಯಲ್ಲೂ ಒಂದೇ ತೂಕದಲ್ಲಿ ತಿರುಗುತ್ತದೆ.

ಇದಕ್ಕಿಂತ ಗಂಭೀರವಾದದ್ದು, ಮತ್ತು ನಾನು ಎಲ್ಲರಿಗೂ ಮುಖ್ಯವಾಗಿ ಎಚ್ಚರಿಸಬೇಕಾದದ್ದು, ಗುಂಡಿಗಳನ್ನೆಲ್ಲ ತೆಗೆದು ಸ್ಪರ್ಶಪರದೆಯೊಳಗೆ ಸೇರಿಸಿರುವ ವಿಚಾರ. ಆಷಾಢದ ಮಳೆಯಲ್ಲಿ ಗುಡ್ಡೇಕೇರಿ ದಾಟುತ್ತಿದ್ದಂತೆ, ಒಳಗಿರುವವರ ಉಸಿರು ಮತ್ತು ಒದ್ದೆ ಬಟ್ಟೆಯ ತೇವ ತಣ್ಣಗಾದ ಗಾಜಿಗೆ ತಾಗಿ, ಮುಂದಿನ ಗಾಜು ಒಳಗಿನಿಂದ ಮಂಜಾಗುತ್ತದೆ. ಆಗ ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಬೇಕು, ಹೊರಗಿನ ಗಾಳಿ ಒಳಬರುವಂತೆಯೂ ಮಾಡಬೇಕು. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದ ಆಗುಂಬೆಯಿಂದ ಘಾಟಿಯ ಬುಡದ ಸೋಮೇಶ್ವರದತ್ತ ಇಳಿಯುತ್ತಿದ್ದಂತೆ ಹೊರಗಿನ ಗಾಳಿ ಬೆಚ್ಚಗಾಗುತ್ತದೆ. ಎಸಿಯಿಂದ ತಣ್ಣಗಾದ ಗಾಜಿನ ಹೊರಮೈಯಲ್ಲಿ ಈಗ ಮಂಜು ಕಟ್ಟುತ್ತದೆ. ಅಂದರೆ ಫ್ಯಾನಿನ ವೇಗವನ್ನೂ ತಂಪನ್ನೂ ಕೆಲವೇ ನಿಮಿಷಗಳ ಅಂತರದಲ್ಲಿ ಮತ್ತೆಮತ್ತೆ ಬದಲಿಸಬೇಕಾಗುತ್ತದೆ, ಅದೂ ತಿರುವಿನಿಂದ ಕಣ್ಣು ತೆಗೆಯಲಾಗದ ಜಾಗದಲ್ಲಿ. ಹಳೆಯ ಕಾರಿನಲ್ಲಿ ಮೂರು ತಿರುಗುಗುಂಡಿಗಳಿದ್ದವು, ಬೆರಳಿಗೆ ಅವುಗಳ ಜಾಗ ಗೊತ್ತಿತ್ತು. ಹೊಸದರಲ್ಲಿ ಪರದೆಯ ಮೂಲೆಯನ್ನು ಮುಟ್ಟಿ, ಹವಾನಿಯಂತ್ರಣದ ಪುಟ ತೆರೆದು, ಅಲ್ಲಿರುವ ಗೆರೆಯ ಮೇಲೆ ಬೆರಳನ್ನು ಜಾರಿಸಬೇಕು. ಛತ್ರಿ ಮಡಚಿ ಕಾರು ಹತ್ತಿದವನ ಒದ್ದೆ ಬೆರಳನ್ನು ಪರದೆ ಒಮ್ಮೆ ಗುರುತಿಸುತ್ತದೆ, ಇನ್ನೊಮ್ಮೆ ಗುರುತಿಸುವುದಿಲ್ಲ. ಒಂದು ಮಧ್ಯಾಹ್ನ ಘಾಟಿಯ ನಡುವೆ ಗಾಜು ಪೂರ್ತಿ ಬೆಳ್ಳಗಾಗಿ, ಪುಟ ತೆರೆಯದೆ, ಎದುರಿನಿಂದ ಬಂದ ಮಿನಿ ಬಸ್ಸಿನ ದೀಪಗಳು ಮಾತ್ರ ಕಾಣಿಸಿದವು. ಪಕ್ಕದಲ್ಲಿ ಕುಳಿತಿದ್ದ ನನ್ನ ತಂಗಿ ತನ್ನ ಸೆರಗಿನಿಂದ ಗಾಜು ಒರೆಸಿದ್ದರಿಂದ ಕಾರನ್ನು ಎಡಕ್ಕೆ ಸೇರಿಸಲು ಸಾಧ್ಯವಾಯಿತು. ಮಳೆನಾಡಿನಲ್ಲಿ ಕಾರು ಓಡಿಸುವವರು ಇದನ್ನು ಸಣ್ಣ ವಿಷಯವೆಂದು ಬಿಡಬಾರದು.

ಗೇರಿನ ದುಃಖವನ್ನು ಚಿಕ್ಕದಾಗಿ ಹೇಳುತ್ತೇನೆ. ನನ್ನ ಕಾರಿನ ಈ ಹೊಸ ತಲೆಮಾರಿನಲ್ಲಿ ಕ್ಲಚ್ ಪೆಡಲ್ ಇರುವ ಮಾದರಿಯೇ ಇಲ್ಲ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಿಂದಲೇ ನಿಧಾನವಾಗಿ ಇಳಿಯುತ್ತಿದ್ದೆವು. ಈಗ ಸ್ಟೇರಿಂಗಿನ ಹಿಂದಿರುವ ಪ್ಯಾಡಲ್ ಒತ್ತಿ ಗೇರು ಇಳಿಸಿದರೂ, ಸ್ವಲ್ಪ ಹೊತ್ತಿಗೆ ಕಂಪ್ಯೂಟರು ತಾನೇ ನಿರ್ಧರಿಸಿ ಮತ್ತೆ ಏರಿಸಿಬಿಡುತ್ತದೆ. ಹೇರ್‌ಪಿನ್ನಿನಲ್ಲಿ ಸ್ಟೇರಿಂಗ್ ಚಕ್ರದ ಜೊತೆ ಪ್ಯಾಡಲ್ಲೂ ತಿರುಗಿರುವುದರಿಂದ ಬೇಕಾದ ಕ್ಷಣದಲ್ಲಿ ಅದು ಕೈಗೆ ಸಿಗುವುದಿಲ್ಲ. ಎಂಜಿನ್ನಿನ ಧ್ವನಿಯೂ ಅರ್ಧ ಸ್ಪೀಕರಿನಿಂದ ಬರುವಂಥದ್ದು.

ಹೊಸ ಕಾರು ಹಳೆಯದಕ್ಕಿಂತ ಒಂದೂವರೆ ಕ್ವಿಂಟಾಲಿಗೂ ಹೆಚ್ಚು ಭಾರವಾಗಿದೆ. ಕೊಪ್ಪಕ್ಕೋ ಶೃಂಗೇರಿಗೋ ಹೋಗುವಾಗ ಎರಡು ಮೂಟೆ ಅಡಿಕೆಯನ್ನು ಸದಾ ಹೇರಿಕೊಂಡು ಹೋದಂತೆ ಅದು ತಿರುವುಗಳಲ್ಲಿ ಹೊರಗೆ ಎಳೆಯುತ್ತದೆ. ಟೈರುಗಳು ಅಗಲವಾಗಿವೆ, ಅವುಗಳ ಪಕ್ಕದ ಗೋಡೆ ಗಿಡ್ಡವಾಗಿದೆ. ಅಗಲದ ಟೈರು ನಿಂತ ನೀರಿನ ಮೇಲೆ ಬೇಗ ತೇಲುತ್ತದೆ, ಗಿಡ್ಡ ಗೋಡೆ ರಸ್ತೆಯ ಗುಂಡಿಯ ಅಂಚಿಗೆ ಬಡಿದರೆ ಸೀಳಬಹುದು. ಸ್ಟೆಪ್ನಿಯನ್ನಂತೂ ಕೊಡುವುದೇ ಇಲ್ಲ. ಪಂಕ್ಚರಾದ ಮೇಲೂ ಓಡುವ ರನ್‌ಫ್ಲಾಟ್ ಟೈರು ಇದೆಯಲ್ಲ ಎನ್ನುತ್ತಾರೆ. ಅದು ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಹೋಗಲು ಮಾತ್ರ. ಗೋಡೆ ಸೀಳಿದರೆ ಅದನ್ನೂ ನೆಚ್ಚುವಂತಿಲ್ಲ. ಆ ಅಳತೆಯ ಟೈರು ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವುದಿಲ್ಲ, ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಬರಬೇಕು.

ಶೋರೂಮಿನವರು ನನ್ನ ದೂರನ್ನು ಸೌಜನ್ಯದಿಂದಲೇ ಕೇಳಿ, ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗ ಸರಿಹೋಗಬಹುದು ಎಂದರು. ಇಲ್ಲದ ಗುಂಡಿ ಸಾಫ್ಟ್‌ವೇರಿನಿಂದ ಹುಟ್ಟುವುದಿಲ್ಲ. ಆದರೂ ದೂರು ಕೊಡುವುದನ್ನು ಯಾರೂ ಬಿಡಬಾರದು, ಏಕೆಂದರೆ ತಯಾರಕರು ಹಿಂದೆ ಸರಿದ ಉದಾಹರಣೆಗಳಿವೆ. ಪೋರ್ಷೆ 718 ಕಾರಿನಲ್ಲಿ 2016ರಲ್ಲಿ ಆರು ಸಿಲಿಂಡರ್ ತೆಗೆದು ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನ್ ಹಾಕಿದ್ದರು. 2020ರಲ್ಲಿ ಅದರ ಜಿಟಿಎಸ್ ಮಾದರಿಗೆ 4 ಲೀಟರಿನ ಆರು ಸಿಲಿಂಡರ್ ಎಂಜಿನ್ ಮರಳಿ ಬಂತು. ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನ ಸ್ಟೇರಿಂಗಿಗೆ 2024ರಲ್ಲಿ ನಿಜವಾದ ಗುಂಡಿಗಳನ್ನು ಮತ್ತೆ ಕೊಟ್ಟರು. ಮಾಜ್ಡಾ ಎಂಎಕ್ಸ್-5 ತಲೆಮಾರಿನಿಂದ ತಲೆಮಾರಿಗೆ ತೂಕ ಹೆಚ್ಚಿಸಿಕೊಂಡು, 2015ರ ಮಾದರಿಯಲ್ಲಿ ಅದನ್ನು ಇಳಿಸಿಕೊಂಡಿತು. ಯೂರೋಪಿನ ಸುರಕ್ಷತಾ ಪರೀಕ್ಷೆ ನಡೆಸುವ ಯೂರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಅಪಾಯ ಸೂಚಕ ದೀಪಗಳಿಗೆ ಮುಟ್ಟಿ ತಿಳಿಯುವಂಥ ನಿಯಂತ್ರಣ ಬೇಕೆಂದು ಹೇಳಿದೆ. ಗಾಜಿನ ಮಂಜು ತೆಗೆಯುವ ಗುಂಡಿಯೂ ಆ ಪಟ್ಟಿಗೆ ಸೇರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಆದ್ದರಿಂದ ಬುಕಿಂಗ್ ಹಣ ಕೊಡುವ ಮೊದಲು ಕಾರನ್ನು ಘಾಟಿಯಲ್ಲಿ, ಸಾಧ್ಯವಾದರೆ ಮಳೆಯಲ್ಲೇ, ಓಡಿಸಲು ಕೇಳಿ. ಕೊಡದಿದ್ದರೆ, ಇಷ್ಟವಾಗದ ಪಕ್ಷದಲ್ಲಿ ಹಣ ವಾಪಸು ಕೊಡುವುದಾಗಿ ಬರವಣಿಗೆಯಲ್ಲಿ ಪಡೆಯಿರಿ. ನಿಂತ ಕಾರಿನಲ್ಲೇ ಕೈ ಒದ್ದೆ ಮಾಡಿಕೊಂಡು, ಪರದೆಯತ್ತ ನೋಡದೆ ಫ್ಯಾನನ್ನು ಗಾಜಿನ ಕಡೆಗೆ ತಿರುಗಿಸಲು ಯತ್ನಿಸಿ. ನಿಮ್ಮ ಕಾರಿಗೆ ವಯಸ್ಸಾಯಿತು ಎಂದು ಹೆದರಿಸಿದರೆ ಅದಕ್ಕೂ ಮಣಿಯಬೇಡಿ. ನಮ್ಮ ರಾಜ್ಯದಲ್ಲಿ ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ನಂತರವೂ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬಹುದು. ಹಳೆಯದನ್ನು ಉಳಿಸಿಕೊಳ್ಳುವವರು ಮಳೆಗಾಲ ಶುರುವಾಗುವ ಮುನ್ನ ಸ್ಟೇರಿಂಗ್ ಎಣ್ಣೆಯ ಮಟ್ಟ, ಅದರ ಕೊಳವೆಗಳು ಮತ್ತು ಚಕ್ರಗಳನ್ನು ತಿರುಗಿಸುವ ರ‍್ಯಾಕಿನ ರಬ್ಬರ್ ಹೊದಿಕೆಗಳನ್ನು ಪರೀಕ್ಷಿಸಿಕೊಳ್ಳಿ; ಪಂಪು ಮತ್ತು ಕ್ಲಚ್ ಸೆಟ್ಟನ್ನು ಮಾರುಕಟ್ಟೆಯಲ್ಲಿ ಸಿಗುತ್ತಿರುವಾಗಲೇ ತರಿಸಿಟ್ಟುಕೊಳ್ಳಿ.