ಐಸ್ ಮಸಾಲೆ ಚಹಾ: ಯಾವ ಹಾಲು, ಎಷ್ಟು ಸಕ್ಕರೆ?

ಐಸ್ ಹಾಕಿದ ಮಸಾಲೆ ಚಹಾಕ್ಕೆ ಕೆನೆಭರಿತ ಹಾಲು, ಟೋನ್ಡ್ ಹಾಲು, ಸಿದ್ಧ ಮಸಾಲೆ ಚಹಾ ಸಿರಪ್ ಇವುಗಳಲ್ಲಿ ಯಾವುದು ಸೂಕ್ತ ಎಂದು ಕೇಳಿದ್ದೀರಿ. ಚಹಾಪುಡಿ, ಏಲಕ್ಕಿ, ಶುಂಠಿಗಳಿಂದ ಬರುವ ಕ್ಯಾಲೊರಿ ಅತ್ಯಲ್ಪ. ಹಾಲು ಮತ್ತು ಸಕ್ಕರೆಯೇ ನಿರ್ಣಾಯಕ.

ಶೇ. 6 ಕೊಬ್ಬಿರುವ ಕೆನೆಭರಿತ ಹಾಲು 150 ಮಿ.ಲೀ.ಗೆ ಸುಮಾರು 130 ಕ್ಯಾಲೊರಿ ನೀಡಿದರೆ, ಶೇ. 3 ಕೊಬ್ಬಿನ ಟೋನ್ಡ್ ಹಾಲು ಸುಮಾರು 90 ನೀಡುತ್ತದೆ. ಈ 40ರ ಅಂತರ 10 ಗ್ರಾಂ, ಅಂದರೆ ಎರಡು ಟೀ ಚಮಚ ಸಕ್ಕರೆಗೆ ಸಮ. ತಣ್ಣನೆಯ ಪಾನೀಯದಲ್ಲಿ ಸಿಹಿ ಮಂದವಾಗಿ ತೋರುವುದರಿಂದ ಕೈ ಮತ್ತೆ ಸಕ್ಕರೆ ಡಬ್ಬಿಯತ್ತ ಹೋಗುತ್ತದೆ. ಹಾಗಾದರೆ ಹಾಲು ಬದಲಿಸಿದ ಲಾಭವೆಲ್ಲ ಕರಗುತ್ತದೆ. ಬೆಲ್ಲ ಬಳಸಿದರೂ ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ.

ಸಿರಪ್ ಅನುಕೂಲಕರ, ನಿಜ. ಆದರೆ ಸಾಮಾನ್ಯವಾಗಿ ಅದರಲ್ಲಿ ಸಕ್ಕರೆ ಮೊದಲೇ ಬೆರೆತಿರುವುದರಿಂದ, ಮಸಾಲೆಯ ಘಾಟನ್ನು ಕಳೆದುಕೊಳ್ಳದೆ ಸಿಹಿ ತಗ್ಗಿಸಲಾಗದು.

ದಿನವೂ ಕುಡಿಯುವವರಿಗೆ, ಬೆಲೆಯಲ್ಲೂ ಅಗ್ಗವಾದ ಟೋನ್ಡ್ ಹಾಲು ಮತ್ತು ಒಂದೇ ಚಮಚ ಸಕ್ಕರೆ ಸಾಕು. ಸಂಜೆಯ ತಿಂಡಿಯ ಬದಲು ಒಂದು ಲೋಟ ಕುಡಿಯುವವರಿಗೆ ಸಕ್ಕರೆಯಿಲ್ಲದ ಕೆನೆಭರಿತ ಹಾಲಿನ ಚಹಾ ಹೆಚ್ಚು ತೃಪ್ತಿ ಕೊಟ್ಟೀತು. ಅಪರೂಪಕ್ಕೆ ಬರುವ ನೆಂಟರಿಗಾದರೆ, ಲೇಬಲ್ಲಿನಲ್ಲಿ ಸಕ್ಕರೆಯ ಪ್ರಮಾಣ ನೋಡಿಕೊಂಡು ಸಿರಪ್ ಬಳಸಬಹುದು.