ಪೆಟ್ಟಾದ ಕೈಗೆ ಯಾವ ಕ್ರಾಸ್‌ಬೋ? ವೇಗ ಬಿಡಿ, ಕ್ರ್ಯಾಂಕ್ ನೋಡಿ

ಬಂದೂಕಿನಂಥ ಹಿಡಿಕೆಗೆ ಅಡ್ಡಲಾಗಿ ಕೂರಿಸಿದ ಬಿಲ್ಲೇ ಕ್ರಾಸ್‌ಬೋ. ಅದರ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಬಾಣದ ವೇಗ. ಮಣಿಕಟ್ಟು, ಮೊಣಕೈ ಅಥವಾ ಭುಜಕ್ಕೆ ಪೆಟ್ಟಾದವರು ಆ ಅಂಕಿಯನ್ನು ಕೊನೆಗೆ ನೋಡಿದರೂ ನಷ್ಟವಿಲ್ಲ. ಸೆಕೆಂಡಿಗೆ 300 ಅಡಿ ಮುಟ್ಟುವ ಬಿಲ್ಲು ಜಿಂಕೆ ಬೇಟೆಗೆ ಧಾರಾಳ. ಕೈ ಸೋಲುವುದು ಬಾಣ ಬಿಡುವಾಗಲ್ಲ. ಹೆದೆ ಎಳೆಯುವಾಗ ಮತ್ತು ಎಳೆದ ಹೆದೆಯನ್ನು ಬಾಣ ಬಿಡದೆ ಇಳಿಸುವಾಗ.

ಎರಡೂ ಕೈಯಿಂದ ಹೆದೆ ಎಳೆಯಲು ಬಳಸುವ ಹಗ್ಗದ ಸಾಧನ, ಅಂದರೆ ಕಾಕರ್, ಅಗ್ಗ, ಹಗುರ, ಜೇಬಿನಲ್ಲಿ ಹಿಡಿಯುತ್ತದೆ. ರಾಟೆಗಳಿಂದಾಗಿ ಭಾರ ಅರ್ಧಕ್ಕಿಳಿಯುತ್ತದೆ ಅನ್ನುವುದು ನಿಜ. ಆದರೆ 200 ಪೌಂಡ್ ಎಳೆತದ ಬಿಲ್ಲಿನಲ್ಲಿ ಅರ್ಧವೆಂದರೂ 100 ಪೌಂಡ್. ಒಂದು ಕೈ ಸ್ವಲ್ಪ ಹಿಂದೆ ಬಿದ್ದರೆ ಹೆದೆ ಒಂದು ಬದಿಗೆ ಜಾರಿ ಕೂರುತ್ತದೆ, ಬಾಣ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಪ್ರತಿ ಸಲ ಬೇರೆ ಬೇರೆ ಅಳತೆಯಲ್ಲಿ ಜಾರುವುದರಿಂದ ಸ್ಕೋಪ್ ತಿರುಗಿಸಿ ಇದನ್ನು ಸರಿಪಡಿಸಲಾಗದು. ಹಗ್ಗವನ್ನೇ ಬಳಸುವುದಾದರೆ, ಹೆದೆ ಸಡಿಲವಾಗಿರುವಾಗ ರೈಲಿನ (ಬಾಣ ಕೂರುವ ಉದ್ದ ಪಟ್ಟಿಯ) ಎರಡೂ ಅಂಚಿನಲ್ಲಿ ಅದರ ಮೇಲೆ ಮಾರ್ಕರ್ ಗುರುತು ಹಾಕಿ. ಎಳೆದ ಮೇಲೆ ಎರಡೂ ಗುರುತು ರೈಲಿನಿಂದ ಸಮದೂರದಲ್ಲಿರಬೇಕು. ಒಂಟಿಕೈಯಲ್ಲಿ ಎಳೆಯುವವರಿಗೆ ಮಾತ್ರ ಹಗ್ಗ ಬೇಡವೇ ಬೇಡ.

ಹಿಡಿ ತಿರುಗಿಸಿ ಹೆದೆ ಎಳೆಯುವ ಕ್ರ್ಯಾಂಕ್‌ನ ಲೆಕ್ಕವೇ ಬೇರೆ. ಟೆನ್‌ಪಾಯಿಂಟ್ ಕಂಪನಿಯ ಅಕ್ಯುಸ್ಲೈಡ್, ರೇವಿನ್ ಕಂಪನಿಯ ಒಳಜೋಡಣೆಯ ಕ್ರ್ಯಾಂಕ್ ಥರದವಕ್ಕೆ ಹಗ್ಗಕ್ಕೆ ಬೇಕಾದ ಬಲದ ಒಂದು ಸಣ್ಣ ಪಾಲು ಸಾಕೆಂದು ತಯಾರಕರು ಹೇಳುತ್ತಾರೆ. ಆದರೆ ಬಲ ಕಡಿಮೆಯಾದಷ್ಟೂ ಸುತ್ತು ಹೆಚ್ಚು, ಮತ್ತು ಮಣಿಕಟ್ಟಿನ ಸ್ನಾಯುರಜ್ಜು ನೋಯುತ್ತಿದ್ದರೆ ತಿರುಗಿಸುವ ಚಲನೆಯೇ ತೊಂದರೆ. ಅಂಥವರು ಹಿಡಿಯನ್ನು ಮಣಿಕಟ್ಟಿನಿಂದಲ್ಲ, ಮೊಣಕೈ ಮತ್ತು ಭುಜದಿಂದ ತಿರುಗಿಸಬೇಕು. ಉದ್ದ ಹಿಡಿಯಿದ್ದರೆ ಅದು ಸುಲಭ. ಭುಜಕ್ಕೆ ಪೆಟ್ಟಾದವರಿಗೆ ಇದೇ ಸಲಹೆ ತಿರುಗುಬಾಣ, ಅವರು ಸಣ್ಣ ಹಿಡಿಯನ್ನು ದೇಹಕ್ಕೆ ಹತ್ತಿರವಿಟ್ಟು ಸುತ್ತುವುದು ಲೇಸು. ಎರಡೂ ಆಗದವರಿಗೆ ವಿದ್ಯುತ್ ಮೋಟಾರಿನಿಂದ ಹೆದೆ ಎಳೆಯುವ ರೇವಿನ್ ಆರ್500ಇ ಥರದ್ದು ಇದೆ. ತಯಾರಕರು ಒಪ್ಪಿರದಿದ್ದರೆ ಕ್ರ್ಯಾಂಕ್‌ಗೆ ಡ್ರಿಲ್ ಸಿಕ್ಕಿಸಬೇಡಿ; ಹೆದೆ ಕೊಕ್ಕೆಗೆ ಕೂತು ಕ್ಲಿಕ್ ಆದ ಮೇಲೂ ತಿರುಗಿ ಗೇರಿನ ಹಲ್ಲು ಮುರಿಯಬಹುದು.

ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ: ಹಿಡಿ ಕೈಬಿಟ್ಟರೆ ಏನಾಗುತ್ತದೆ? ಹಳೆಯ ಮಾದರಿಯ ಕೆಲವು ಕ್ರ್ಯಾಂಕ್‌ಗಳಲ್ಲಿ ಹೆದೆ ಇಳಿಸುವಾಗ ತಡೆಯನ್ನು ಪೂರ್ತಿ ಬಿಡಿಸಬೇಕು. ಆಗ ಇಡೀ ಎಳೆತ ಹಿಡಿಯ ಮೇಲೆ ಬೀಳುತ್ತದೆ. ಬೆರಳು ಜಾರಿದರೆ ಹಿಡಿ ಗಿರ್ರನೆ ತಿರುಗಿ, ಮೊದಲೇ ನೊಂದ ಮಣಿಕಟ್ಟಿಗೇ ಬಡಿಯುತ್ತದೆ. ಹಿಡಿಯನ್ನು ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ, ಸದ್ದಿಲ್ಲದ ಕ್ರ್ಯಾಂಕ್‌ಗೆ ಹೆಚ್ಚು ಹಣ ಕೊಟ್ಟರೂ ಅದು ದುಂದಲ್ಲ. ಇಳಿಸುವ ವ್ಯವಸ್ಥೆಯೇ ಇಲ್ಲದ ಬಿಲ್ಲಿನಲ್ಲಿ ದಿನದ ಕೊನೆಗೆ ಒಂದು ಹಳೆಯ ಬಾಣವನ್ನು ಅಭ್ಯಾಸದ ಗುರಿಗೆ ಬಿಟ್ಟು ಖಾಲಿ ಮಾಡಬೇಕು. ಬಾಣವಿಲ್ಲದೆ ಟ್ರಿಗರ್ ಒತ್ತಿದರೆ ಬಿಲ್ಲಿನ ತೋಳು ಸೀಳಬಹುದು, ಹೆದೆ ಹರಿಯಬಹುದು.

ತುದಿ ಹಿಂದಕ್ಕೆ ಬಾಗಿದ ಸರಳ ತೋಳಿನ ರಿಕರ್ವ್ ಬಿಲ್ಲುಗಳಲ್ಲಿ ಚಕ್ರ, ಕೇಬಲ್‌ಗಳಿಲ್ಲ, ತೋಳುಗಳನ್ನು ಒತ್ತಿ ಹಿಡಿಯುವ ಪ್ರೆಸ್ ಯಂತ್ರ ಇಲ್ಲದೆಯೇ ಹೆದೆ ಬದಲಿಸಬಹುದು ಎಂದು ಹೊಗಳುತ್ತಾರೆ. ಸರಿಯೇ, ಆದರೆ ಆ ಬದಲಾವಣೆಗೂ ಎರಡು ಗಟ್ಟಿ ಕೈ ಬೇಕು.

ತೂಕದ ವಿಷಯ. ಸ್ಕೋಪ್ ಇಲ್ಲದೆಯೇ 6ರಿಂದ 8 ಪೌಂಡ್ ಇರುವ ಬಿಲ್ಲುಗಳೇ ಹೆಚ್ಚು, ಅದರಲ್ಲಿ ಬಹುಪಾಲು ಮುಂದಿನ ತುದಿಯಲ್ಲಿ. ಅದನ್ನು ಹೊರುವುದು ಬಿಲ್ಲಿನ ಮುಂಭಾಗ ಹಿಡಿಯುವ ಕೈ. ತೋಳುಗಳು ಹಿಂದಕ್ಕೆ ಇರುವ ರಿವರ್ಸ್ ಡ್ರಾ ಮಾದರಿಯಲ್ಲಿ ಭಾರ ಟ್ರಿಗರ್ ಬಳಿಯ ಹಿಡಿಯ ಹತ್ತಿರಕ್ಕೆ ಬರುತ್ತದೆ, ಹಾಗಾಗಿ ಒಟ್ಟು ತೂಕ ಅಷ್ಟೇ ಇದ್ದರೂ ಹಗುರವೆನಿಸುತ್ತದೆ. ಬಿಲ್ಲಿಗೆ ಊರುಗೋಲಾಗುವ ಮೂರು ಕಾಲಿನ ಸ್ಟಿಕ್ ಇಟ್ಟುಕೊಂಡರೆ ಮುಂದಿನ ಕೈ ಬರೀ ಬಿಲ್ಲಿನ ಮೂತಿ ತಿರುಗಿಸಿದರೆ ಸಾಕು. ಹೆದೆ ಬಡಿಯದಂತೆ ಆ ಕೈಯ ಹೆಬ್ಬೆರಳು ಸದಾ ರೈಲಿಗಿಂತ ಕೆಳಗಿರಬೇಕು. ಸ್ಪರ್ಶ ಕುಂದಿದ ಕೈ ತಿಳಿಯದಂತೆ ಮೇಲೇರುವುದರಿಂದ ಅಗಲ ಬೆರಳುತಡೆ ಇರುವ ಮಾದರಿಯೇ ಆಗಲಿ.

ಅಮೆರಿಕದ ಪೆನ್ಸಿಲ್ವೇನಿಯದಂತೆ ಬೇಟೆಗೆ ಕನಿಷ್ಠ 125 ಪೌಂಡ್ ಎಳೆತ ಕಡ್ಡಾಯವಿರುವ ಕಡೆಗಳಿವೆ. ಎಳೆತ ಕಡಿಮೆ ಇದ್ದಷ್ಟೂ ಒಳ್ಳೆಯದೆಂದು ಕೊಳ್ಳುವ ಮೊದಲು ನಿಯಮ ನೋಡಿ. ಹಣ ಕೊಡುವ ಮುನ್ನ, ಮಚಾನಿನ ಮೇಲೆ ಇರುವಂತೆ ಕುಳಿತುಕೊಂಡೇ ಒಮ್ಮೆ ಹೆದೆ ಎಳೆದು, ಇಳಿಸಿ. ನಿಂತು ಸಲೀಸಾಗಿ ತಿರುಗುವ ಹಿಡಿ ಕೂತಾಗ ತೊಡೆಗೆ ತಾಗುತ್ತದೆಯೇ, ಅದು ನಿಮ್ಮ ಗಟ್ಟಿ ಕೈಯ ಬದಿಯಲ್ಲೇ ಇದೆಯೇ ಎಂಬುದು ಆಗ ಗೊತ್ತಾಗುತ್ತದೆ.